ಎಣಿಸಬಾರದ ಬೆಳೆ

ಟಿಣ್...

ಅಷ್ಟೇ ಸದ್ದು. ಹಿತ್ತಾಳೆ ಚೊಂಬು ಬಾಗಿಲ ಅಗುಳಿಗೆ ತಗುಲಿದ ಸದ್ದು.

ಶ್ರೀನಿವಾಸಪುರದ ಟ್ರಾವೆಲರ್ಸ್ ಬಂಗಲೆ. ನಡುರಾತ್ರಿ ದಾಟಿತ್ತು. ವರಾಂಡದಲ್ಲಿ ಬಂಗಲೆ ಕಾಯುವ ಮೇಟಿ ಗೊರಕೆ ಹೊಡೆಯುತ್ತಿದ್ದ.

ಅಗುಳಿಯ ಮೇಲೆ ಚೊಂಬು ಇಟ್ಟವಳು ನಾನೇ. ಪರ ಊರಿನಲ್ಲಿ ಮಲಗುವಾಗಲೆಲ್ಲ ಇಡುತ್ತೇನೆ. ಧೈರ್ಯ ಇರುವವರು ಹಾಗೇ ಮಲಗುತ್ತಾರೆ. ನನಗೆ ಧೈರ್ಯ ಇಲ್ಲ. ಭಯ ಇದೆ. ಇಲ್ಲಿಯವರೆಗೆ ನನ್ನನ್ನು ಕಾಪಾಡಿರುವುದು ಅದೇ.

ಬಾಗಿಲ ಸಂದಿಯಲ್ಲಿ ಚಾಕುವಿನ ತುದಿ ಕಂಡಿತು. ಅಗುಳಿಯನ್ನು ಮೆಲ್ಲಗೆ ಎತ್ತಿತು...

ಚೊಂಬು ಬಿತ್ತು!

ಬಾಗಿಲು ತೆರೆಯುವ ಹೊತ್ತಿಗೆ ನಾನು ಗೋಡೆಗೆ ಒತ್ತಿ ನಿಂತಿದ್ದೆ. ಕೈಯಲ್ಲಿ ಗಾಜು ತೆಗೆದ ಲಾಟೀನು.

"ಇನ್ನೊಂದು ಹೆಜ್ಜೆ ಇಟ್ಟರೆ ಇದು ನಿನ್ನ ಮೈಮೇಲೆ ಇರುತ್ತೆ," ಎಂದೆ.

ಬತ್ತಿ ಏರಿಸಿದೆ.

ಬಂದವನು ನಿಂತ. ಎತ್ತರದ ಆಳು. ಬಾಯಿ ತುಂಬ ಹೊಗೆಸೊಪ್ಪು. ಗುರುತು ಹಿಡಿದೆ. ಮುನಿಶಾಮಿ. ಮಾಲೂರಿನ ಚನ್ನರಾಯಪ್ಪನ ಹಿಂದೆ ನೆರಳಿನಂತೆ ಓಡಾಡುವವನು.

"ಏಮಮ್ಮಾ, ಇನ್ನೂ ಮಲಗಲಿಲ್ವಾ?" ಎಂದ. ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಬಂದವನ ಹಾಗೆ.

"ಚಾಕು ಯಾಕೆ?"

"ಬಾಗಿಲು ತಟ್ಟಿದ್ರೆ ತೆಗೀತಿದ್ರಾ?"

ಅದೂ ನಿಜವೇ.

ಅವನು ಹೊಸಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಯಜಮಾನನ ಮಾತನ್ನು ಒಪ್ಪಿಸಿದ. ಹುತ್ತೂರಿನ ಕಡೆ ರೇಷ್ಮೆ ಹುಳ ಕಡಿಮೆ. ಕಡಿಮೆ ಅಂತಲೇ ಇರಲಿ. ಅಮ್ಮಾವ್ರು ಮತ್ತೆ ಆ ಕಡೆ ಹೋಗುವುದು ಬೇಡ.

"ಹೋದರೆ?"

"ಹೋಗಬೇಡಿ," ಎಂದ ಮುನಿಶಾಮಿ. "ನನಗೂ ಬೇಜಾರಾಗುತ್ತೆ."

ಚಾಕು ಮಡಿಚಿ, ಬಿದ್ದ ಚೊಂಬನ್ನು ಎತ್ತಿ ನೆಟ್ಟಗೆ ಇಟ್ಟು, ಕತ್ತಲೆಗೆ ಹೋದ.

ಬೆಳಗಾಗುವವರೆಗೆ ನಾನು ಲಾಟೀನು ಕೆಳಗಿಡಲಿಲ್ಲ.

ನನ್ನ ಹೆಸರು ಶ್ಯಾಮಲಮ್ಮ. ಎಕನಾಮಿಕ್ಸ್‌ನಲ್ಲಿ ಬಿ.ಎ. ಹುದ್ದೆ ಇನ್ವೆಸ್ಟಿಗೇಟರ್. ಕೊಲೆ ಕಳವು ಪತ್ತೆ ಮಾಡುವ ಇನ್ವೆಸ್ಟಿಗೇಟರ್ ಅಲ್ಲ. ಮನೆಮನೆಗೆ ಹೋಗಿ ಎಷ್ಟು ಸೊಪ್ಪು ಬೆಳೆದಿರಿ, ಎಷ್ಟು ಹುಳ ಸಾಕಿದಿರಿ, ಎಷ್ಟು ಗೂಡು ಬಂತು ಎಂದು ಕೇಳುವವಳು. ಆದರೆ ಜನ ಸುಳ್ಳು ಹೇಳುವುದು ಎರಡು ಕೆಲಸದಲ್ಲೂ ಒಂದೇ ತರ.

ಸಾವಿರದ ಒಂಬೈನೂರ ನಲವತ್ಮೂರು. ಯುದ್ಧ. ಆಕಾಶದಿಂದ ಇಳಿಯುವ ಸಿಪಾಯಿಗಳಿಗೆ ಪ್ಯಾರಾಚೂಟ್ ಬೇಕು, ಪ್ಯಾರಾಚೂಟಿಗೆ ರೇಷ್ಮೆ ಬೇಕು. ಕೋಲಾರದ ಸೀಮೆಯಲ್ಲಿ ಸರ್ಕಾರ ಒಂದು ದೊಡ್ಡ ನೂಲು ಕಾರ್ಖಾನೆ ಕಟ್ಟುತ್ತದೆ ಎಂದು ಸುದ್ದಿಯಾಯಿತು. ಎಲ್ಲಿ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ... ನಾಲ್ಕು ತಾಲೂಕು ಸುತ್ತಿ ಜಾಗ ಹೇಳಬೇಕಾದವರು ಡಾಕ್ಟರ್ ಕೋದಂಡರಾಮಪ್ಪ. ಲಂಡನ್ನಿನಲ್ಲಿ ಓದಿದ ಅರ್ಥಶಾಸ್ತ್ರಜ್ಞರು. ಡಾಕ್ಟರ್ ಎಂಬ ಬೋರ್ಡು ನೋಡಿ ಹಳ್ಳಿಯವರು ಅವರಲ್ಲಿಗೆ ಮಕ್ಕಳ ಕೆಮ್ಮು, ಮುದುಕರ ಮಂಡಿನೋವು ಹೊತ್ತು ತರುತ್ತಿದ್ದರು. ಅವರು ಎಲ್ಲರಿಗೂ ಬಿಸಿನೀರು ಕುಡಿಯಿರಿ ಎನ್ನುತ್ತಿದ್ದರು. ಅರ್ಧ ಜನಕ್ಕೆ ವಾಸಿಯೂ ಆಗುತ್ತಿತ್ತು.

ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಕ್ಕೆ ಕಾರಣ ಸರಳ. ಹುಳದ ಮನೆ ಹೆಂಗಸರದು. ಪರ ಗಂಡಸನ್ನು ಅಲ್ಲಿಗೆ ಬಿಡುವುದಿಲ್ಲ.

ಮಾಲೂರಿನ ಚನ್ನರಾಯಪ್ಪ ಗೂಡಿನ ವ್ಯಾಪಾರಿ. ರೈಲ್ವೆ ಸ್ಟೇಷನ್ ಪಕ್ಕದ ಬಯಲೆಲ್ಲ ಅವನದು. ಕಾರ್ಖಾನೆ ಅಲ್ಲಿಗೆ ಬಂದರೆ ಜಮೀನೂ ಅವನದು, ಕಾಂಟ್ರಾಕ್ಟೂ ಅವನದು. ಅಡ್ಡ ಇದ್ದದ್ದು ಕೋಲಾರ ತಾಲೂಕಿನ ಹುತ್ತೂರು ಹೋಬಳಿ ಒಂದೇ.

ಬೆಳಿಗ್ಗೆ ಕೋಲಾರಕ್ಕೆ ಬಂದು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಪೈಪಿಗೆ ಹೊಗೆಸೊಪ್ಪು ತುಂಬುತ್ತ ಕೇಳಿದರು. ಆ ಹೊಗೆಸೊಪ್ಪು ನಮ್ಮ ಕಡೆಯದಲ್ಲ. ಬಂಗಾರದ ಬಣ್ಣ, ಕೂದಲಿನಷ್ಟು ಸಣ್ಣ ಎಳೆ, ಜೇನಿನಂಥ ವಾಸನೆ. ಒಂದು ವರ್ಷ ಆ ವಾಸನೆಯ ಎದುರು ಕೂತು ಕೆಲಸ ಮಾಡಿದ್ದೇನೆ. ಅದು ನನಗೆ ಇಷ್ಟವಾಗಿತ್ತು. ಬರೀ ವಾಸನೆಯಲ್ಲ... ಇರಲಿ. ಯಾರಿಗೂ ಹೇಳದ ಮಾತು ಅದು. ಅವರಿಗಂತೂ ಹೇಳಿರಲಿಲ್ಲ.

"ಅವನು ಸುಮ್ಮನೆ ರಾತ್ರಿ ನಿದ್ದೆ ಕೆಟ್ಟ, ಶ್ಯಾಮಲಾ," ಎಂದರು. "ಹುತ್ತೂರಿನ ಅಂಕಿ ಈಗಲೇ ಕಡಿಮೆ ಇದೆ. ನೀವೇ ತಂದದ್ದು."

ಅವರಿಗೆ ಒಂದು ನಂಬಿಕೆ. ಸರ್ಕಾರದ ದುಡ್ಡು ಕೂಗುವವರ ಕಡೆಗೆ ಹೋಗಬಾರದು, ದುಡಿಮೆ ಇರುವ ಕಡೆಗೆ ಹೋಗಬೇಕು. ಆ ಮಾತಿಗಾಗಿಯೇ ನಾನು ಬಿಸಿಲು, ಬಸ್ಸು, ಬಂಗಲೆಯ ತಿಗಣೆ ಎಲ್ಲ ತಾಳಿಕೊಂಡಿದ್ದೆ.

ಆದರೆ ಹುತ್ತೂರಿನಲ್ಲಿ ದುಡಿಮೆ ಇತ್ತು! ಸುತ್ತ ಎತ್ತ ನೋಡಿದರೂ ಹಿಪ್ಪುನೇರಳೆ ತೋಟ. ಅಷ್ಟು ಸೊಪ್ಪು ಬೆಳೆಯುವ ಜನ ಇಷ್ಟೇ ಹುಳ ಇದೆ ಅಂದರೆ ಉಳಿದ ಸೊಪ್ಪು ತಿಂದವರು ಯಾರು?

"ಹೋಗಿ ಪತ್ತೆ ಮಾಡಿ," ಎಂದರು ಡಾಕ್ಟರ್. "ಆದರೆ ಬೇಗ. ಮುಂದಿನ ವಾರ ಬೆಂಗಳೂರಿನಿಂದ ಸೆಕ್ರೆಟರಿ ಬರುತ್ತಾರೆ."

ಹೋಗಬೇಡಿ ಎಂದಿದ್ದ ಮುನಿಶಾಮಿ. ಹೋದೆ.

ಹುತ್ತೂರಿನಲ್ಲಿ ನನಗೆ ಒಂದು ಮನೆ ಇತ್ತು. ಶರೀಫುನ್ನೀಸಾ ಆಪಾಳ ಮನೆ. ಆಪಾ ಅಂದರೆ ಅಕ್ಕ. ಗಂಡ ತೀರಿಹೋಗಿ ಬಹಳ ವರ್ಷ. ಇದ್ದ ತುಂಡು ತೋಟದಲ್ಲಿ ಸೊಪ್ಪು ಬೆಳೆದು, ಹುಳ ಸಾಕಿ, ಒಬ್ಬಳೇ ಮಗಳನ್ನು ಬೆಳೆಸಿದವಳು. ಮಗಳ ಹೆಸರು ಗೌಹರ್. ಹದಿನೆಂಟು ತುಂಬಿದ ಹುಡುಗಿ. ಗೂಡಿನಿಂದ ನೂಲು ಎಳೆಯಲು ಕೂತರೆ ಎಳೆ ತುಂಡಾಗುತ್ತಿರಲಿಲ್ಲ, ಬಾಯಿ ಮುಚ್ಚುತ್ತಿರಲಿಲ್ಲ. ನನಗೆ ಅವಳಿಟ್ಟ ಹೆಸರು ಲೆಕ್ಕದಮ್ಮ.

"ಅಮ್ಮೀ, ಲೆಕ್ಕದಮ್ಮ ಬಂದ್ರು. ಕೋಳಿ ಎಲ್ಲ ಒಳಗೆ ಹಾಕು, ಎಣಿಸ್ಬಿಡ್ತಾರೆ."

ಆ ದಿನ ಆಪಾಳ ಮುಖದಲ್ಲಿ ನಗು ಇರಲಿಲ್ಲ. ಗಂಡನ ಅಣ್ಣ ಮಾತು ಕೊಟ್ಟು ಬಂದಿದ್ದ. ಮುಳಬಾಗಿಲಿನ ಚರ್ಮದ ವ್ಯಾಪಾರಿ ಅಬ್ದುಲ್ ಗಫೂರ್‌ಗೆ ಗೌಹರ್‌ಳನ್ನು ಕೊಡುವುದೆಂದು. ಅವನಿಗೆ ಐವತ್ತು ದಾಟಿತ್ತು. ಮನೆಯಲ್ಲಿ ಒಬ್ಬ ಹೆಂಡತಿ ಇದ್ದಳು. ಆಪಾ ಕಾಲು ಹಿಡಿದು ಒಂದು ಬೆಳೆಯ ಗಡುವು ಕೇಳಿಕೊಂಡಿದ್ದಳು. ಈ ಬೆಳೆ ಪೂರ್ತಿ ಬಂದರೆ ಈ ವರ್ಷ ಬೇಡ ಎನ್ನಬಹುದು. ಊರಿಗೆ ಕಾರ್ಖಾನೆ ಬಂದರೆ ಯಾವತ್ತೂ ಬೇಡ ಎನ್ನಬಹುದು. ತಿಂಗಳ ಸಂಬಳ ತರುವ ಹುಡುಗಿಯನ್ನು ಯಾರೂ ಅಟ್ಟುವುದಿಲ್ಲ.

"ಕಾರ್ಖಾನೆ ಮಾಲೂರಿಗೆ ಹೋಗುತ್ತೆ ಆಪಾ," ಎಂದೆ. "ಹುತ್ತೂರಿನವರು ಹುಳ ಇಲ್ಲ ಅಂತಾರಲ್ಲ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಾಗಿಲು ಮುಂದಕ್ಕೆ ಎಳೆದು, ತಗ್ಗಿದ ಧ್ವನಿಯಲ್ಲಿ ಹೇಳಿದಳು. ಹುಳ ಮನೆಯಲ್ಲಿ ಇರುವಾಗ ಎಷ್ಟಿದೆ ಎಂದು ಯಾರೂ ಹೇಳುವುದಿಲ್ಲ. ಹಿಂದೂಗಳೂ ಹೇಳುವುದಿಲ್ಲ, ಸಾಬರೂ ಹೇಳುವುದಿಲ್ಲ. ಎಣಿಸಿದರೆ ಕಣ್ಣು ಬೀಳುತ್ತದೆ. ಕೇಳಿದವರಿಗೆ 'ಇದೆ ಏನೋ ಸ್ವಲ್ಪ' ಅನ್ನಬೇಕು. ಗೂಡು ಸಂತೆಗೆ ಹೋದ ಮೇಲೆಯೇ ಲೆಕ್ಕ.

ಹುಳ ತಟ್ಟೆಯ ಮೇಲೆ ಇದ್ದ ತಿಂಗಳಲ್ಲೇ ನಾನು ಊರೂರು ಕೇಳಿಕೊಂಡು ಬಂದಿದ್ದೆ! ಮಾಲೂರಿನ ಕಡೆ ಚನ್ನರಾಯಪ್ಪ ಮೊದಲೇ ಹೋಗಿ, ಜಾಸ್ತಿ ಹೇಳಿ ಎಂದು ಎಲ್ಲರಿಗೂ ಕಲಿಸಿದ್ದ. ಇಲ್ಲಿ ಯಾರೂ ಕಲಿಸಬೇಕಿರಲಿಲ್ಲ. ತಮ್ಮ ಊರನ್ನು ತಾವೇ ಚಿಕ್ಕದು ಮಾಡಿಕೊಂಡು ಕೂತಿದ್ದರು.

ಆ ಸಂಜೆಯೇ ಡಾಕ್ಟರಿಗೆ ತಿಳಿಸಿದೆ. ಒಂದು ಮನೆ ಸಾಕು ಎಂದರು. ಒಂದು ಮನೆಯಲ್ಲಿ ತಮ್ಮ ಕಣ್ಣೆದುರು ಎಣಿಸಿ ತೋರಿಸಿದರೆ, ಹೇಳಿದ್ದಕ್ಕೂ ಇರುವುದಕ್ಕೂ ಅಂತರ ಎಷ್ಟು ಎಂದು ಸೆಕ್ರೆಟರಿ ಮುಂದೆ ನಿಂತು ವಾದಿಸುತ್ತೇನೆ ಎಂದರು.

ಎಣಿಸುವವರು ಯಾರು? ಆಪಾಳನ್ನೇ ಕೇಳಿದೆ.

ಆಪಾ ಒಂದು ಇಡೀ ಮಧ್ಯಾಹ್ನ ತಟ್ಟೆಗಳಿಗೆ ಸೊಪ್ಪು ಹಾಕುತ್ತಲೇ ಇದ್ದಳು. ಹುಳಗಳು ನಾಲ್ಕನೇ ಜ್ವರ ದಾಟಿದ್ದವು. ಹುಳ ಉಣ್ಣುವುದು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ಅದು ದಾಟಿದರೆ ಹಸಿವೋ ಹಸಿವು. ಇನ್ನು ಕೆಲವೇ ದಿನ, ಹಣ್ಣಾಗಿ ಗೂಡು ಕಟ್ಟುತ್ತವೆ.

"ಅಮ್ಮೀ, ನಕ್ಕೊ," ಎಂದಳು ಗೌಹರ್. ಬೇಡ. ಆ ಹೊತ್ತು ಅವಳು ತಮಾಷೆ ಮಾಡುತ್ತಿರಲಿಲ್ಲ.

ಆಪಾ ಮಗಳ ತಲೆ ನೇವರಿಸಿದಳು. ನನ್ನ ಕಡೆ ತಿರುಗಿದಳು.

"ಕರ್ಕೊಂಡ್ ಬನ್ನಿ ಅಮ್ಮಾ ನಿಮ್ಮ ಡಾಕ್ಟ್ರನ್ನ. ಒಂದ್ ಮಾತು. ಹೊಗೆಸೊಪ್ಪು ಮಾತ್ರ ಈ ಹೊಸಿಲು ದಾಟಬಾರದು. ಅದರ ಪುಡಿ ಬಿದ್ದ ಸೊಪ್ಪು ತಿಂದ್ರೂ ಹುಳ ಸಾಯುತ್ತೆ."

ಡಾಕ್ಟರಿಗೆ ಹೇಳಿದೆ. ಪೈಪು, ಹೊಗೆಸೊಪ್ಪಿನ ಪೌಚು ಎಲ್ಲ ಕಾರಿನಲ್ಲೇ ಬಿಟ್ಟು ಇಳಿಯುತ್ತೇನೆ ಎಂದರು.

ಹಾಗೇ ಆಗಬೇಕಿತ್ತು.

ಪೆಟ್ರೋಲ್ ರೇಷನ್ ಕಾಲ. ನಮ್ಮ ಕಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿತ್ತು. ಅದರ ಗ್ಯಾಸಿನಲ್ಲಿ ಓಡುವ ಕಾರು ಅದು. ಓಡುವ ಎನ್ನುವುದು ಮರ್ಯಾದೆಯ ಮಾತು. ಕೋಲಾರ ಬಿಟ್ಟು ಸ್ವಲ್ಪ ದೂರ ಹೋಗಿದ್ದೇವೆ, ಹಿಂದೆ ಧೂಳು ಎದ್ದಿತು. ತಿರುಗಿ ನೋಡಿದೆ. ಕಪ್ಪು ಕಾರು. ಮುಂದಿನ ಸೀಟಿನಲ್ಲಿ ಮುನಿಶಾಮಿ!

"ಜೋರಾಗಿ ಹೋಗಪ್ಪ," ಎಂದೆ ಡ್ರೈವರಿಗೆ.

"ಇದೇ ಜೋರು ಅಮ್ಮಾ," ಎಂದ ಅವನು.

ಹುತ್ತೂರಿಗೆ ಮುಂಚೆ ಒಂದು ದಿಣ್ಣೆ ಇದೆ. ನಮ್ಮ ಕಾರು ಅರ್ಧ ಏರಿ, ಕೆಮ್ಮಿ, ನಿಂತಿತು. ಹಿಂದಿನ ಕಾರೂ ಕೆಮ್ಮಿ, ನಿಂತಿತು. ಅದೂ ಇದ್ದಿಲಿನದೇ. ಎರಡು ಕಡೆಯ ಡ್ರೈವರುಗಳೂ ಇಳಿದು, ಒಬ್ಬರನ್ನೊಬ್ಬರು ನೋಡುತ್ತ, ಒಲೆಗೆ ಗಾಳಿ ಹಾಕತೊಡಗಿದರು. ಇನ್ನೊಂದು ದಿನ ಆಗಿದ್ದರೆ ನಗುತ್ತಿದ್ದೆ.

ಮುನಿಶಾಮಿ ಕಾಯಲಿಲ್ಲ. ದೊಣ್ಣೆ ಹಿಡಿದು ಇಳಿದ. ಜೊತೆಗೆ ಇನ್ನಿಬ್ಬರು.

"ಇಳೀರಿ ಸರ್," ಎಂದೆ.

"ಮಾತಾಡಿ ನೋಡೋಣ..."

"ಇಳೀರಿ!"

ಓಡಿದೆವು. ಹಿಪ್ಪುನೇರಳೆ ಸಾಲುಗಳ ನಡುವೆ, ಎದೆಮಟ್ಟ ಸೊಪ್ಪಿನಲ್ಲಿ ಬಗ್ಗಿಕೊಂಡು. ಲಂಡನ್ನಿನ ಬೂಟು ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಕಾಲುವೆಯಲ್ಲಿ ಹೂತಿತು. ಕೈಹಿಡಿದು ಎಳೆದೆ. ಕಳ್ಳಿ ಬೇಲಿ ಹಾರುವಾಗ ಅವರು ಮುಗ್ಗರಿಸಿ ಬಿದ್ದರು. ಎದ್ದರು. ಹಿಂದೆ ದೊಣ್ಣೆಯ ಸದ್ದು, ತೆಲುಗು ಬೈಗುಳ. ಆಪಾಳ ಹಿತ್ತಲು ಕಂಡಿತು. ನುಗ್ಗಿದೆವು.

ಹಿಂದೆಯೇ ಮುನಿಶಾಮಿ ಬಂದ. ಬಂದವನು ಹುಳದ ಮನೆಯ ಹೊಸಿಲಿನಿಂದ ಒಂದು ಮಾರು ದೂರದಲ್ಲಿ ಗಕ್ಕನೆ ನಿಂತ. ಒಳಗೆ ಬರಲಿಲ್ಲ. ಗೌಹರ್ ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಪೊರಕೆಗೆ ಹೆದರಿದ ಅಂದುಕೊಂಡೆ.

ಎಲ್ಲವನ್ನೂ ನೋಡುವುದು ನನ್ನ ಸ್ವಭಾವ. ಆ ಗಳಿಗೆ ನಾನು ನೋಡುತ್ತಿದ್ದದ್ದು ಬಾಗಿಲಿನ ಕಡೆ, ಆ ದೊಣ್ಣೆಯ ಕಡೆ. ನನ್ನ ಹಿಂದೆ ಡಾಕ್ಟರು ಏದುಸಿರು ಬಿಡುತ್ತ, ಬೆವೆತ ಕೋಟು ಬಿಚ್ಚಿ, ಕತ್ತಲ ಮೂಲೆಯಲ್ಲಿ ಏನೋ ರಾಶಿಯ ಮೇಲೆ ಹಾಕಿದರು. ಕೈಕಾಲು ತೊಳೆದರು. ಗೌಹರ್ ಬಾಗಿಲಿನಿಂದಲೇ ಕೇಳಿದಳು, ಬಾಯಲ್ಲಿ ಕೈಯಲ್ಲಿ ಏನೂ ಇಲ್ಲವಲ್ಲ ಎಂದು. ಏನೂ ಇಲ್ಲಮ್ಮ ಎಂದರು. ನಿಜವೇ. ಬಾಯಲ್ಲಿ, ಕೈಯಲ್ಲಿ ಏನೂ ಇರಲಿಲ್ಲ.

ಆಮೇಲೆ ಆಪಾ ಎಣಿಸಿದಳು.

ಒಂದೊಂದು ತಟ್ಟೆ ಮುಟ್ಟಿ, ಮೊದಲು ಪಿಸುಮಾತಿನಲ್ಲಿ, ಆಮೇಲೆ ಕೇಳುವಂತೆ. ಹುಳಗಳು ಸೊಪ್ಪು ಮೇಯುವ ಸರಸರ ಸದ್ದಿನ ಮೇಲೆ ಅವಳ ಧ್ವನಿ. ಗೋಡೆಯಾಚೆ ಪಕ್ಕದ ಮನೆಯ ಬಷೀರಾ ತೋಬಾ ತೋಬಾ ಎಂದದ್ದೂ ಕೇಳಿಸಿತು. ಆಪಾ ನಿಲ್ಲಿಸಲಿಲ್ಲ. ಎಣಿಕೆ ಮುಗಿದಾಗ, ಅವಳು ನನಗೆ ಹಿಂದೆ ಹೇಳಿದ್ದರ ಮೂರು ಪಟ್ಟು ಇತ್ತು.

ಡಾಕ್ಟರ ಕಣ್ಣು ಹೊಳೆಯಿತು. "ಶ್ಯಾಮಲಾ, ಗೆದ್ದೆವು," ಎಂದರು.

ನಾನೂ ನಂಬಿದೆ.

ಹೊರಗೆ ಊರು ಸೇರಿತ್ತು. ಅಷ್ಟು ಜನರ ನಡುವೆ ಮುನಿಶಾಮಿ ದೊಣ್ಣೆ ಕೆಳಗಿಟ್ಟಿದ್ದ. ಡಾಕ್ಟರು ಕೋಟು ಎತ್ತಿಕೊಂಡು ಹೊರಟರು. ನನಗೆ ಆ ರಾತ್ರಿ ಬಹಳ ದಿನದ ಮೇಲೆ ನಿದ್ದೆ ಬಂತು.

ಮರುದಿನ ಹುತ್ತೂರಿನಿಂದ ಮೊದಲ ಬಸ್ಸಿನಲ್ಲಿ ಸುದ್ದಿ ಬಂತು. ಮುಂದಿನ ಬಸ್ಸಿಗೆ ನಾನು ಹೋದೆ.

ಅಂಗಳದಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಸಾವಿನ ಮನೆಯ ಹಾಗೆ. ಒಳಗೆ ಸದ್ದೇ ಇರಲಿಲ್ಲ. ನಿನ್ನೆ ಸರಸರ ಎನ್ನುತ್ತಿದ್ದ ಮನೆ ಅದು. ತಟ್ಟೆಗಳ ಮೇಲೆ ಹುಳಗಳು ತಲೆ ಎತ್ತಿ, ಹಸಿರು ನೀರು ಕಕ್ಕಿ, ಮುರುಟಿಕೊಂಡು ಬಿದ್ದಿದ್ದವು. ಒಂದು ತಟ್ಟೆಯಲ್ಲ. ಎಲ್ಲ ತಟ್ಟೆ.

ಆಪಾ ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಗೌಹರ್ ಒಂದೊಂದೇ ಹುಳ ಎತ್ತಿ ಅಂಗೈಯಲ್ಲಿ ಇಟ್ಟು ಊದುತ್ತಿದ್ದಳು. ಅಲುಗುತ್ತದೇನೋ ಎಂದು.

"ಎಣಿಸಿದಳಲ್ಲ," ಎಂದಳು ಬಷೀರಾ. ಉಳಿದವರು ತಲೆಯಾಡಿಸಿದರು. ಯಾರೂ ಹೊಸಿಲು ದಾಟಲಿಲ್ಲ.

ಕಣ್ಣಿನಿಂದ ಹುಳ ಸಾಯುವುದಿಲ್ಲ. ಅದು ನನಗೆ ಗೊತ್ತಿತ್ತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು.

ಮುನಿಶಾಮಿಯನ್ನು ಹುಡುಕಿಕೊಂಡು ಮಾಲೂರಿಗೆ ಹೋದೆ. ಒಬ್ಬಳೇ. ಸ್ಟೇಷನ್ ಎದುರಿನ ಹೋಟೆಲಿನ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದ. ಎದುರು ನಿಂತು, ನೀನು ಕೊಂದೆ ಎಂದೆ.

ಅವನ ಮುಖ ಕೆಂಪಾಯಿತು. ಲೋಟ ಕೆಳಗಿಟ್ಟ.

"ಅಮ್ಮಾ, ಬಾಗಿಲು ಮುರೀತೀನಿ. ಕಾಲು ಮುರೀತೀನಿ. ಯಜಮಾನ ಹೇಳಿದ್ರೆ ಇನ್ನೂ ಏನೇನೋ ಮಾಡ್ತೀನಿ. ಹುಳಕ್ಕೆ ಕೈ ಹಾಕಲ್ಲ. ನಮ್ಮಮ್ಮನೂ ಹುಳ ಸಾಕೇ ನನ್ನ ಸಾಕಿದ್ದು. ನಾನು ಹೊಸಿಲ ಹತ್ರಾನೂ ಬರಲಿಲ್ಲ, ನೀವೇ ನೋಡಿದ್ರಲ್ಲ. ಯಾಕೆ ಅಂತ ಕೇಳಿದ್ರಾ?"

"ಯಾಕೆ?"

"ಬಾಯಲ್ಲಿ ಹೊಗೆಸೊಪ್ಪಿತ್ತು."

ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಬಂದ ರೌಡಿಗೂ ಆ ನಿಯಮ ಗೊತ್ತಿತ್ತು. ಈ ಸೀಮೆಯಲ್ಲಿ ಹುಟ್ಟಿದ ಯಾರೂ ಅದನ್ನು ಮೀರುವುದಿಲ್ಲ. ಹಾಗಾದರೆ ಈ ಸೀಮೆಯಲ್ಲಿ ಹುಟ್ಟದವರು ಆ ದಿನ ಒಳಗೆ ಯಾರಿದ್ದರು?

ನಾನು. ಮತ್ತೆ...

ಹುತ್ತೂರಿಗೆ ಮರಳಿದಾಗ ಸಂಜೆ. ಆಪಾ, ಗೌಹರ್ ಇಬ್ಬರೂ ಸೇರಿ ಸತ್ತ ಹುಳಗಳನ್ನು ತಿಪ್ಪೆಗೆ ಹೊರುತ್ತಿದ್ದರು. ನಾನು ಕತ್ತಲ ಮೂಲೆಗೆ ಹೋದೆ. ಕಿತ್ತು ತಂದ ಸೊಪ್ಪು ಬಾಡದಂತೆ ರಾಶಿ ಹಾಕಿ ಒದ್ದೆ ಗೋಣಿ ಹೊದಿಸುವ ಮೂಲೆ ಅದು. ಸೊಪ್ಪು ಮುಗಿದಿತ್ತು. ಗೋಣಿ ಇತ್ತು. ಎತ್ತಿ ಬೆಳಕಿಗೆ ತಂದೆ.

ಒದ್ದೆ ನಾರಿಗೆ ಅಂಟಿಕೊಂಡಿದ್ದವು. ಬಂಗಾರದ ಬಣ್ಣದ ಎಳೆಗಳು. ಕೂದಲಿನಷ್ಟು ಸಣ್ಣ.

ಮೂಸಿ ನೋಡಬೇಕಾಗಿರಲಿಲ್ಲ. ಆದರೂ ಮೂಸಿದೆ.

ಜೇನಿನ ವಾಸನೆ.

ಓಟದಲ್ಲಿ, ಬಿದ್ದಾಗ, ಪೌಚಿನ ಬಾಯಿ ಬಿಚ್ಚಿತ್ತು. ಕಾರಿನಲ್ಲಿ ಬಿಡಬೇಕಾದದ್ದು ಕೋಟಿನ ಜೇಬಿನಲ್ಲೇ ಬಂದಿತ್ತು. ಕೋಟು ಸೊಪ್ಪಿನ ರಾಶಿಯ ಮೇಲೆ ಬಿದ್ದಿತ್ತು. ಗೋಣಿಯ ಸಂದಿಯಿಂದ ಪುಡಿ ಕೆಳಗೆ ಇಳಿದಿತ್ತು. ರಾತ್ರಿ ಆ ಸೊಪ್ಪನ್ನೇ ಆಪಾ ತನ್ನ ಕೈಯಾರೆ ಎಲ್ಲ ತಟ್ಟೆಗೂ ಹಾಕಿದ್ದಳು.

ಅವರಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡೆ. ಕೋಲಾರದವರೆಗೂ ಬಸ್ಸಿನಲ್ಲಿ ಅದೊಂದನ್ನೇ ಅಂದುಕೊಂಡು ಬಂದೆ. ತಿಳಿದರೆ ಕುಸಿದುಬಿಡುತ್ತಾರೆ, ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡೆ.

ಡಾಕ್ಟರು ಮೇಜಿನ ಮುಂದೆ ಇದ್ದರು. ನಾಳೆ ಮಧ್ಯಾಹ್ನ ಸೆಕ್ರೆಟರಿಯ ಸಭೆ. ಪೈಪು ಮೇಜಿನ ಮೇಲೆ ತಣ್ಣಗೆ ಮಲಗಿತ್ತು. ಆ ಕೋಣೆಯಲ್ಲಿ ಆ ವಾಸನೆ ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು.

"ಸೇದುತ್ತಿಲ್ಲವಾ ಸರ್?"

ಅವರು ತಲೆ ಎತ್ತಲಿಲ್ಲ. ಗೋಣಿಯಿಂದ ಬಿಡಿಸಿ ತಂದ ಎಳೆಗಳನ್ನು ಕರ್ಚೀಫಿನ ಸಮೇತ ಅವರ ಮುಂದೆ ಇಟ್ಟೆ. ಒಂದು ಎಳೆಯನ್ನು ಬೆರಳಿನಿಂದ ಸರಿಸಿದರು.

"ಪೌಚು ಖಾಲಿ ಇತ್ತು," ಎಂದರು.

"ಯಾವಾಗ ನೋಡಿದಿರಿ?"

"ಅವತ್ತು ಸಂಜೆಯೇ."

ಸಂಜೆಯೇ! ಕಾರು ಬಾಗಿಲಲ್ಲಿತ್ತು. ಡ್ರೈವರ್ ಇದ್ದ. ಒಂದು ಮಾತು ಹೇಳಿ ಕಳಿಸಿದ್ದರೆ ಆಪಾ ಆ ಸೊಪ್ಪನ್ನು ತಿಪ್ಪೆಗೆ ಎಸೆಯುತ್ತಿದ್ದಳು. ಪಕ್ಕದವರಿಂದ ಸೊಪ್ಪು ಬೇಡಿ ತರುತ್ತಿದ್ದಳು. ಹುಳ ಬದುಕುತ್ತಿದ್ದವು.

"ಯಾಕೆ ಸರ್?"

"ಖಾತ್ರಿ ಇರಲಿಲ್ಲ. ಓಡುವಾಗ ತೋಟದಲ್ಲಿ ಚೆಲ್ಲಿರಬಹುದು ಅಂದುಕೊಂಡೆ." ಕನ್ನಡಕ ತೆಗೆದು ಒರೆಸಿದರು. "ಹೇಳಿ ಕಳಿಸಿದ್ದರೆ ಊರೆಲ್ಲ ಗೊತ್ತಾಗುತ್ತಿತ್ತು. ಸರ್ವೆ ಮಾಡಲು ಬಂದವನೇ ಹುಳ ಕೊಂದ ಎಂದು ಚನ್ನರಾಯಪ್ಪ ಡಂಗುರ ಹೊಡೆಸುತ್ತಿದ್ದ. ವರದಿ ಸಾಯುತ್ತಿತ್ತು. ಹುತ್ತೂರಿಗೆ ಕಾರ್ಖಾನೆ ಬರುತ್ತಿ‍ರಲಿಲ್ಲ."

ನಾನು ಕರ್ಚೀಫನ್ನು ಮಡಿಸತೊಡಗಿದೆ.

"ಒಂದು ಮನೆ, ಶ್ಯಾಮಲಾ. ಒಂದು ಮನೆ ಅಂದರೆ ಸರಾಸರಿ ಅಲ್ಲ."

ಒಂದು ಮನೆ ಸಾಕು ಎಂದವರೂ ಅವರೇ. ಅದನ್ನು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಅಷ್ಟು ಹೊತ್ತಿಗೆ ನನ್ನೊಳಗೆ ಏನೋ ತಲೆ ಎತ್ತಿ, ಹಸಿರು ಕಕ್ಕಿ, ಮುರುಟಿಕೊಂಡಾಗಿತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ಹುತ್ತೂರಿಗೆ ಹೋದೆ. ಸಭೆಗೆ ಮುಂಚೆ ಆಪಾಳಿಗೆ ನಿಜ ಹೇಳಬೇಕಿತ್ತು. ಅವಳು ಹೇಳು ಎಂದರೆ ಸೆಕ್ರೆಟರಿಯ ಮುಂದೆ ಎಲ್ಲವನ್ನೂ ಹೇಳಲು ಸಿದ್ಧಳಾಗಿ ಹೋಗಿದ್ದೆ. ಕಣ್ಣು ಬಿದ್ದದ್ದಲ್ಲ, ಎಣಿಸಿದ್ದಕ್ಕೆ ಸತ್ತದ್ದಲ್ಲ ಎಂದು ಬಷೀರಾಳ ಅಂಗಳದಲ್ಲಿ ನಿಂತು ಕೂಗಲೂ ಸಿದ್ಧಳಾಗಿದ್ದೆ.

ಆಪಾ ಖಾಲಿ ತಟ್ಟೆಗಳನ್ನು ಸುಣ್ಣದ ನೀರಿನಲ್ಲಿ ತೊಳೆಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು.

"ಹೇಳಿದ್ರೆ ನಿಮ್ಮ ಡಾಕ್ಟ್ರಿಗೆ ಏನಾಗುತ್ತೆ?"

ಯೋಚಿಸಿದೆ. "ಏನೂ ಆಗಲ್ಲ ಆಪಾ. ಬೆಂಗಳೂರಿಗೆ ಹೋಗ್ತಾರೆ."

"ಕಾರ್ಖಾನೆ?"

"ಮಾಲೂರಿಗೆ ಹೋಗುತ್ತೆ."

"ನನಗೆ?"

ಉತ್ತರ ಅವಳೇ ಹೇಳಿದಳು. "ಕಣ್ಣು ಬಿತ್ತು ಅಂದ್ರೆ ಪಾಪ ಅಂತಾರೆ. ಇನ್ನೊಂದ್ ವರ್ಷಕ್ಕೆ ಮರೀತಾರೆ. ಗಂಡ ಇಲ್ಲದ ಹೆಂಗಸು ಪರ ಗಂಡಸನ್ನ ಒಳಗೆ ಬಿಟ್ಟಳು, ಅವನ ಹೊಗೆಸೊಪ್ಪಿಂದ ಹುಳ ಸತ್ತವು ಅಂದ್ರೆ... ಅದನ್ನ ಮರೆಯಲ್ಲ. ನನ್ನ ಬೆಳೆ ಹೋಯ್ತು. ಹೆಸರನ್ನೂ ನೀವು ಎಣಿಸಿ ಕಳೀಬೇಡಿ ಅಮ್ಮಾ."

"ಗೌಹರ್?"

ತಟ್ಟೆ ಕೈಯಿಂದ ಜಾರಿತು. ಎತ್ತಿಕೊಂಡಳು.

"ನಿನ್ನೆ ರಾತ್ರಿ ಅವಳ ದೊಡ್ಡಪ್ಪ ಬಂದಿದ್ದ. ಶುಕ್ರವಾರ ನಿಕಾ. ನೀವು ಹೇಳಿದ್ರೂ ಶುಕ್ರವಾರಾನೇ, ಹೇಳದಿದ್ರೂ ಶುಕ್ರವಾರಾನೇ." ತಟ್ಟೆಯನ್ನು ಗೋಡೆಗೆ ಒರಗಿಸಿದಳು. "ಬಷೀರಾಗೆ ಮೂರು ಹೆಣ್ಣುಮಕ್ಕಳು. ಅವಳ ನಾಲಿಗೆ ಕೆಟ್ಟದು. ಮಕ್ಕಳು ಒಳ್ಳೇವು. ಕಾರ್ಖಾನೆ ಬರಲಿ."

ಸಭೆ ಕೋಲಾರದಲ್ಲಿ. ಡಾಕ್ಟರು ಚೆನ್ನಾಗಿ ಮಾತಾಡಿದರು. ಒಂದು ಮನೆಯ ಎಣಿಕೆಯಿಂದ ಇಡೀ ಹೋಬಳಿಯ ಅಡಗಿದ ದುಡಿಮೆಯನ್ನು ಎತ್ತಿ ತೋರಿಸಿದರು. ಸೆಕ್ರೆಟರಿ ತಲೆದೂಗಿದರು. ಆಗ ಜರಿ ರುಮಾಲಿನ ಚನ್ನರಾಯಪ್ಪ ಎದ್ದ.

"ಸ್ವಾಮಿ, ಆ ಮನೆ ಹುಳ ಮಾರನೇ ದಿನವೇ ಸತ್ತವು. ಸತ್ತ ಬೆಳೆ ಲೆಕ್ಕಕ್ಕೆ ಬರುತ್ತಾ? ಹೇಗೆ ಸತ್ತವು ಅಂತ ಆ ಅಮ್ಮನ್ನ ಕೇಳಿ."

ಸೆಕ್ರೆಟರಿ ನನ್ನ ಕಡೆ ತಿರುಗಿದರು. ಡಾಕ್ಟರು ತಿರುಗಲಿಲ್ಲ. ಅವರ ಕೊರಳ ಹಿಂಭಾಗ ಬೆವೆತಿತ್ತು. ಒಂದು ಕಾಲಕ್ಕೆ ನಾನು ಆ ಕೊರಳನ್ನು...

"ನೀವು ಎಣಿಕೆ ಕಣ್ಣಾರೆ ನೋಡಿದಿರಾ?"

"ನೋಡಿದೆ ಸರ್. ಎಣಿಕೆ ಸರಿ."

"ಬೆಳೆ ಹೇಗೆ ಹೋಯಿತು?"

ನಾಲಿಗೆಯ ತುದಿಗೆ ಬಂದಿತ್ತು. ಜೇನಿನ ರುಚಿ ಇತ್ತು ಅದಕ್ಕೆ.

"ಗೊತ್ತಿಲ್ಲ ಸರ್," ಎಂದೆ. "ಹುಳ ಅಲ್ಲವೇ. ಸಾಯುತ್ತವೆ."

ಕಾರ್ಖಾನೆ ಹುತ್ತೂರಿಗೆ ಎಂದು ತೀರ್ಮಾನವಾಯಿತು. ಕಟ್ಟಡ ಯುದ್ಧ ಮುಗಿದ ಮೇಲೆ. ಸಿಮೆಂಟ್ ಸಿಗುತ್ತಿಲ್ಲವಂತೆ. ಡಾಕ್ಟರು ನನ್ನ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದರು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಕೆಲಸ ಬಿಡುವ ಕಾಗದವನ್ನು ಜವಾನನ ಕೈಗೆ ಕೊಟ್ಟು ಬಂದೆ.

ಶುಕ್ರವಾರ ಹುತ್ತೂರಿಗೆ ಹೋದೆ. ಗಫೂರ್‌ನ ಕಡೆಯವರು ಬಾಡಿಗೆ ಬಸ್ಸು ತಂದಿದ್ದರು. ಅದೂ ಇದ್ದಿಲಿನದು. ಹೊರಡುವ ಮುಂಚೆ ಗೌಹರ್ ಸೆರಗಿನ ಮರೆಯಿಂದ ನನ್ನ ಕೈ ಹಿಡಿದಳು. ಗೋರಂಟಿ ಇನ್ನೂ ಒದ್ದೆಯಾಗಿತ್ತು.

"ಲೆಕ್ಕದಮ್ಮ, ಮುಳಬಾಗಿಲಿಗೆ ಎಣಿಸೋಕೆ ಬಂದ್ರೆ ನಮ್ಮನೆಗೂ ಬನ್ನಿ. ಹೆಂಡತಿ ಎಷ್ಟು ಅಂತ ಕೇಳಿ. ಇದೆ ಏನೋ ಸ್ವಲ್ಪ ಅಂತೀನಿ."

ನಗಲು ನೋಡಿದೆ. ಆಗಲಿಲ್ಲ. ಅವಳೂ ನಗುತ್ತಿರಲಿಲ್ಲ.

"ನಿಜ ಹೇಳಿ," ಎಂದಳು. "ಯಾರ ಕಣ್ಣು ಬಿತ್ತು?"

ಅವಳ ತಾಯಿ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣೇ," ಎಂದೆ.

ಬಸ್ಸು ಕೆಮ್ಮಿ, ಎರಡು ಸಲ ನಿಂತು, ಹೋಯಿತು. ಧೂಳು ಇಳಿಯುವವರೆಗೆ ಆಪಾ, ನಾನು ಅಕ್ಕಪಕ್ಕ ನಿಂತಿದ್ದೆವು. ಇನ್ನು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಅವಳು ಮೊದಲೇ ತೀರ್ಮಾನಿಸಿದ್ದಳು.

ಹೆಂಗಸರ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ, ಗುಟ್ಟು ನಿಲ್ಲುವುದಿಲ್ಲ ಅಂತಾರೆ ನಮ್ಮ ಕಡೆ. ಹುತ್ತೂರಿನಲ್ಲಿ ಇಬ್ಬರು ಹೆಂಗಸರ ಬಾಯಲ್ಲಿ ಒಂದು ಇಡೀ ಬೆಳೆ ಕೊಳೆಯುತ್ತಿದೆ.